ಚೀಟಿಯ ಮೇಲೆ ಬರುವ ಅಂಕಿ

ವೇಬ್ರಿಡ್ಜ್ ಮೇಲೆ ಲಾರಿ ತೂಗಿದ ಮಾತ್ರಕ್ಕೆ ಅದಿರಿನ ಲೆಕ್ಕ ಮುಗಿಯುವುದಿಲ್ಲ. ಅದರಲ್ಲಿ ಕಬ್ಬಿಣ ಶೇಕಡಾ ಎಷ್ಟಿದೆ ಎಂದು ಗೊತ್ತಾಗಬೇಕು. ಅದು ಗೊತ್ತಾಗುವುದು ಲ್ಯಾಬಿನಲ್ಲಿ, ಅರ್ಧ ಗ್ರಾಮಿಗೂ ಕಡಿಮೆ ಪುಡಿಯಿಂದ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ವರ್ಷಗಟ್ಟಲೆ ಇಲ್ಲಿನ ಅದಿರು ಇ-ಹರಾಜಿನಲ್ಲೇ ಮಾರಾಟವಾಯಿತು. ದೂರದ ಊರಿನಲ್ಲಿ ಕುಳಿತು ಬೆಲೆ ಕೂಗುವವನಿಗೆ ಲಾಟಿನ ಗ್ರೇಡ್ ಬಿಟ್ಟರೆ ಬೇರೆ ಆಧಾರ ಏನಿತ್ತು? ಇಂದಿಗೂ ಭಾರತೀಯ ಗಣಿ ಬ್ಯೂರೊ ತಿಂಗಳು ತಿಂಗಳು ಗ್ರೇಡ್‌ವಾರು ಸರಾಸರಿ ಬೆಲೆ ಪ್ರಕಟಿಸುತ್ತದೆ. ಶೇ 15ರ ರಾಯಧನ ಲೆಕ್ಕವಾಗುವುದು ಅದರ ಮೇಲೆ. 60ರಿಂದ 62ರ ಒಳಗೆ ಒಂದು ಬೆಲೆ, 62 ದಾಟಿದರೆ ಇನ್ನೊಂದು. ಹೀಗಾಗಿ 61.9ಕ್ಕೂ 62.1ಕ್ಕೂ ನಡುವೆ ದೊಡ್ಡ ದುಡ್ಡು ಕೂತಿರುತ್ತದೆ.

ಗಾದಿಗನೂರಿನ ಆಚೀಚೆ, ಹೊಸಪೇಟೆ, ಸಂಡೂರು, ತೋರಣಗಲ್ಲು ಕಡೆಯ ಅದಿರು ಲ್ಯಾಬ್‌ಗಳ ಟೈಟ್ರೇಟರ್, ಮಫಲ್ ಫರ್ನೇಸ್, ಓವನ್‌ಗಳಿಗೆ ಕಂಟ್ರೋಲರ್ ಬೋರ್ಡ್ ಮಾಡಿ ಅದರೊಳಗಿನ ಪ್ರೋಗ್ರಾಂ ಬರೆಯುವುದು ನನ್ನ ಕಸುಬು. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳುವುದೆಲ್ಲ ಒಂದೇ ಮಾತಿನ ಸುತ್ತ ತಿರುಗುತ್ತದೆ: ಯಂತ್ರ ತಾನು ಹೊಣೆ ಹೊರಲಾರದ ಅಂಕಿಯನ್ನು ಫಲಿತಾಂಶದ ಚೀಟಿಯ ಮೇಲೆ ಮುದ್ರಿಸಬಾರದು.

1. ಕೈಯಿಂದ ಟೈಟ್ರೇಷನ್ ಮಾಡುವವರ ಪಕ್ಕ ಮೊದಲು ನಿಂತು ನೋಡಿ

ಕೋಡ್ ಆಮೇಲೆ ಬರೆಯಬಹುದು. ಅದಿರಿನ ಪುಡಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಹಾಟ್ ಪ್ಲೇಟ್ ಮೇಲಿಡುತ್ತಾರೆ. ದ್ರಾವಣ ಅರಿಶಿನದ ಬಣ್ಣಕ್ಕೆ ಬರುತ್ತದೆ. ಬಿಸಿಯಿರುವಾಗಲೇ ಸ್ಟ್ಯಾನಸ್ ಕ್ಲೋರೈಡನ್ನು ಹನಿ ಹನಿಯಾಗಿ ಬಿಡುತ್ತಾರೆ, ಹಳದಿ ಮಾಯವಾದ ಮೇಲೆ ಇನ್ನೊಂದೆರಡು ಹನಿ, ಅಷ್ಟೇ. ಆರಿಸಿ ಮರ್ಕ್ಯುರಿಕ್ ಕ್ಲೋರೈಡ್ ಸುರಿದಾಗ ರೇಷ್ಮೆಯಂಥ ತೆಳು ಬಿಳಿ ಗಸಿ ಬರಬೇಕು. ಅದು ಬೂದು ಬಣ್ಣಕ್ಕೆ ತಿರುಗಿದರೆ ಸ್ಟ್ಯಾನಸ್ ಹೆಚ್ಚಾಗಿದೆ ಎಂದರ್ಥ, ಆ ಸ್ಯಾಂಪಲ್ ಚೆಲ್ಲಿಬಿಡುತ್ತಾರೆ. (ಪಾದರಸದ ಕಾಟ ಬೇಡವೆಂದು ಟೈಟಾನಿಯಂ ಕ್ಲೋರೈಡ್ ವಿಧಾನಕ್ಕೆ ಹೋದ ಲ್ಯಾಬ್‌ಗಳೂ ಇವೆ, ಹೋಗುವುದೇ ಒಳ್ಳೆಯದು.) ಕೊನೆಗೆ ಬ್ಯುರೆಟ್‌ನಿಂದ ಪೊಟ್ಯಾಸಿಯಂ ಡೈಕ್ರೋಮೇಟ್. ಹಸಿರು ಇದ್ದದ್ದು ನೇರಳೆಗೆ ತಿರುಗಿದ ಆ ಹನಿಯೇ ಕೊನೆಯ ಹನಿ.

ಆ ಕೊನೆಯ ಹೊತ್ತಿನಲ್ಲಿ ಕೆಮಿಸ್ಟ್ ಕೈ ನೋಡಿ. ಫ್ಲಾಸ್ಕ್ ಆಡಿಸುತ್ತಾರೆ, ನಿಲ್ಲಿಸುತ್ತಾರೆ, ಕಾಯುತ್ತಾರೆ. ಬ್ಯುರೆಟ್ ತುದಿಯಲ್ಲಿ ತೂಗುತ್ತಿರುವ ಅರ್ಧ ಹನಿಯನ್ನು ಗಾಜಿಗೆ ಮುಟ್ಟಿಸಿ ಇಳಿಸಿಕೊಳ್ಳುತ್ತಾರೆ. ನಿಮ್ಮ ಪ್ರೋಗ್ರಾಂ ಕಲಿಯಬೇಕಾದದ್ದು ಆ ಕಾಯುವಿಕೆಯನ್ನು. ಬಣ್ಣದ ಬದಲು ಯಂತ್ರ ನೋಡುವ ಪ್ಲಾಟಿನಂ ಎಲೆಕ್ಟ್ರೋಡಿನ ಮಿಲಿವೋಲ್ಟ್ ಕೊನೆಯ ಹಂತದಲ್ಲಿ ನಿಧಾನವಾಗಿ ನೆಲೆಗೊಳ್ಳುತ್ತದೆ. ಅದು ನಿಲ್ಲುವ ಮುನ್ನ ಮುಂದಿನ ಡೋಸ್ ಬಿಟ್ಟರೆ ನಿಜವಾದ ಕೊನೆಯ ಬಿಂದುವನ್ನು ದಾಟಿ ಹೋಗಿರುತ್ತೀರಿ. ಗಸಿಯ ಬಣ್ಣ ಯಂತ್ರಕ್ಕೆ ಕಾಣುವುದಿಲ್ಲವಾದ್ದರಿಂದ ಯಾವ ಹಂತದಲ್ಲಾದರೂ ಕಾರಣ ನಮೂದಿಸಿ ಸ್ಯಾಂಪಲ್ ರದ್ದು ಮಾಡುವ ಗುಂಡಿ ಕೆಮಿಸ್ಟ್ ಕೈಯಲ್ಲಿ ಇರಲೇಬೇಕು.

2. ಎಲ್ಲವೂ ಅವಸರದ ಕೆಲಸವಲ್ಲ

ರಿಯಲ್ ಟೈಮ್ ಎಂದರೆ ವೇಗ ಎಂದುಕೊಂಡು ಎಲ್ಲವನ್ನೂ ಮಿಲಿಸೆಕೆಂಡಿಗೊಮ್ಮೆ ಓಡಿಸುವವರಿದ್ದಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಈ ಕೆಲಸ ತಡವಾದರೆ ಏನು ಕೆಡುತ್ತದೆ? ಬ್ಯುರೆಟ್ಟಿನ ಸ್ಟೆಪರ್ ಮೋಟರಿಗೆ ಪಲ್ಸ್ ತಡವಾದರೆ ಸ್ಟೆಪ್ ತಪ್ಪುತ್ತದೆ, ಅದನ್ನು ಹಾರ್ಡ್‌ವೇರ್ ಟೈಮರಿಗೇ ಒಪ್ಪಿಸಿ. ಎಲೆಕ್ಟ್ರೋಡಿನ ಸಿಗ್ನಲ್ ಓದುವುದು 20 ಮಿಲಿಸೆಕೆಂಡಿನ ಗುಣಿತದಲ್ಲಿರಲಿ. ನಮ್ಮ ಕರೆಂಟ್ 50 ಹರ್ಟ್ಸ್, ಒಂದು ಪೂರ್ತಿ ಸುತ್ತಿನ ಸರಾಸರಿ ತೆಗೆದರೆ ಅದರ ಗುಂಯ್‌ಗುಡುವಿಕೆ ತಾನೇ ಅಳಿಸಿಹೋಗುತ್ತದೆ. ಇನ್ನು ಫರ್ನೇಸ್. ಇಟ್ಟಿಗೆ ಕಾಯಲು ನಿಮಿಷಗಳು ಬೇಕು, ಸೆಕೆಂಡಿಗೊಮ್ಮೆ ಲೆಕ್ಕ ಹಾಕಿದರೆ ಧಾರಾಳವಾಯಿತು.

3. ಸ್ಟೆಪ್ ಎಣಿಸಿದ್ದೆಲ್ಲ ಮಿಲಿಲೀಟರ್ ಅಲ್ಲ

ಲೆಕ್ಕ ಸುಲಭ. ಯಂತ್ರದ ಬ್ಯುರೆಟ್ ಎಂದರೆ ಮೋಟರ್ ತಳ್ಳುವ 20 ಮಿ.ಲೀ. ಸಿರಿಂಜ್, 60 ಮಿ.ಮೀ. ಓಟ, 1 ಮಿ.ಮೀ. ಪಿಚ್ ಸ್ಕ್ರೂ, ಸುತ್ತಿಗೆ 200 ಸ್ಟೆಪ್. ಒಟ್ಟು 12,000 ಸ್ಟೆಪ್, ಒಂದಕ್ಕೆ ಸುಮಾರು 1.67 ಮೈಕ್ರೋಲೀಟರ್. ಕಾಗದದ ಮೇಲೆ ಇದು ಯಾವ ಕೆಮಿಸ್ಟ್ ಕೈಗಿಂತಲೂ ನುಣುಪು.

ಆದರೆ 0.1 ನಾರ್ಮಲ್ ಡೈಕ್ರೋಮೇಟಿನ ಒಂದು ಮಿ.ಲೀ. ಎಂದರೆ 5.585 ಮಿಲಿಗ್ರಾಂ ಕಬ್ಬಿಣ. 0.4 ಗ್ರಾಂ ತೂಗಿದ ಶೇ 62ರ ಅದಿರಿಗೆ ಸುಮಾರು 44.4 ಮಿ.ಲೀ. ಬೇಕು. ಅಂದರೆ ಒಂದೇ ಟೈಟ್ರೇಷನ್ ನಡುವೆ ಸಿರಿಂಜ್ ಎರಡು ಸಲ ತುಂಬಿಕೊಳ್ಳಬೇಕು. ಎಡವಟ್ಟು ಅಲ್ಲಿಯೇ. ಎಳೆದುಕೊಂಡ ಮೋಟರ್ ತಳ್ಳಲು ತಿರುಗಿದಾಗ ಸ್ಕ್ರೂ ಮತ್ತು ನಟ್ಟಿನ ನಡುವಿನ ಸಡಿಲು ತುಂಬುವವರೆಗೆ ಸ್ಟೆಪ್ ಎಣಿಕೆಯಾಗುತ್ತದೆ, ದ್ರವ ಕದಲುವುದಿಲ್ಲ. ಉಪಾಯ: ತುಂಬಿಕೊಂಡ ಮೇಲೆ ವಾಲ್ವ್ ಇನ್ನೂ ಬಾಟಲಿಯ ಕಡೆಗೇ ಇರುವಾಗ ಸ್ವಲ್ಪ ಹಿಂದಕ್ಕೆ ತಳ್ಳಿ. ಸಡಿಲು ಮುಗಿಯುತ್ತದೆ, ಆಮೇಲೆ ವಾಲ್ವನ್ನು ಬೀಕರಿನ ಕಡೆಗೆ ತಿರುಗಿಸಿ ಎಣಿಕೆ ಶುರು ಮಾಡಿ. ಪ್ರತಿ ಟೈಟ್ರೇಷನ್ ಮುಗಿದಾಗ ಹೋಮ್ ಸ್ವಿಚ್‌ಗೆ ವಾಪಸ್ ಬಂದು ಹೋದ ಸ್ಟೆಪ್ಪಿಗೂ ಬಂದ ಸ್ಟೆಪ್ಪಿಗೂ ತಾಳೆ ನೋಡಿ. ತಾಳೆಯಾಗದಿದ್ದರೆ ಫಲಿತಾಂಶ ಕೊಡಬೇಡಿ, ಕಾರಣ ಹೇಳಿ ನಿಲ್ಲಿಸಿ.

ಒಂದು ಹನಿ ಎಂದರೆ ಸುಮಾರು 0.05 ಮಿ.ಲೀ., ನಮ್ಮ ಲೆಕ್ಕದಲ್ಲಿ ಅದು ಶೇ 0.07 ಕಬ್ಬಿಣ. ಸಿರಿಂಜಿನೊಳಗೆ ಕೂತ ಒಂದು ಗಾಳಿಗುಳ್ಳೆ ಇದನ್ನು ಸಲೀಸಾಗಿ ನುಂಗಬಲ್ಲದು, ಅದನ್ನು ಯಾವ ಸ್ಟೆಪ್ ಎಣಿಕೆಯೂ ಹಿಡಿಯುವುದಿಲ್ಲ. ಶಿಫ್ಟಿನ ಮೊದಲ ಸ್ಯಾಂಪಲ್‌ಗೆ ಮುಂಚೆ ಸಿರಿಂಜನ್ನು ಪೂರ್ತಿ ತೊಳೆದು ತುಂಬುವುದನ್ನು ಕಡ್ಡಾಯ ಮಾಡಿ. ಅದನ್ನು ತಪ್ಪಿಸಿ ಮುಂದೆ ಹೋಗುವ ದಾರಿಯನ್ನು ಮೆನುವಿನಲ್ಲಿ ಇಡಬೇಡಿ.

4. ಬಾಟಲಿಯ ಉಷ್ಣಾಂಶ ಅಳೆಯದ ಟೈಟ್ರೇಟರ್ ನಮ್ಮ ಸೀಮೆಗೆ ಆಗಿಬರುವುದಿಲ್ಲ

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದ ಪಾಠ ಇದು. ಒಂದು ಲ್ಯಾಬಿನ ಕೆಮಿಸ್ಟ್ ಮೇಡಂ ಹೇಳಿದ ಮಾತಿನಿಂದಲೇ ಶುರು ಮಾಡುತ್ತೇನೆ: "ಸಾರ್, ಅದೇ ಸ್ಯಾಂಪಲ್ಲು. ಬೆಳಿಗ್ಗೆ ಒಂದು ಹೇಳ್ತೈತೆ, ಮಧ್ಯಾಹ್ನ ಒಂದು ಹೇಳ್ತೈತೆ. ನಾನು ಯಾವ್ದಕ್ಕೆ ಸೈನ್ ಹಾಕ್ಲಿ?"

ಎಲೆಕ್ಟ್ರೋಡ್ ಸರಿಯಿತ್ತು, ಮೋಟರ್ ಸರಿಯಿತ್ತು. ಡೈಕ್ರೋಮೇಟ್ ಬಾಟಲಿ ಪಶ್ಚಿಮದ ಕಿಟಕಿಯ ಕಟ್ಟೆಯ ಮೇಲಿತ್ತು. ನೀರು 27 ಡಿಗ್ರಿಯಿಂದ 40 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ಶೇ 0.4ರಷ್ಟು ಇಳಿಯುತ್ತದೆ. ತೆಳು ಡೈಕ್ರೋಮೇಟ್ ದ್ರಾವಣವೂ ಹೆಚ್ಚುಕಡಿಮೆ ಹಾಗೆಯೇ ನಡೆದುಕೊಳ್ಳುತ್ತದೆ. ಬಿಸಿಯಾಗಿ ಹಿಗ್ಗಿದ ದ್ರಾವಣದ ಒಂದೊಂದು ಮಿ.ಲೀ.ಯಲ್ಲೂ ಡೈಕ್ರೋಮೇಟ್ ಕಡಿಮೆ, ಆದ್ದರಿಂದ ಹೆಚ್ಚು ಮಿ.ಲೀ. ಖರ್ಚು, ಆದ್ದರಿಂದ ಹೆಚ್ಚು ಕಬ್ಬಿಣ ಇದ್ದಂತೆ ಫಲಿತಾಂಶ. ನಿಜವಾಗಿ 61.8 ಇರುವ ಅದಿರು ಮಧ್ಯಾಹ್ನ 62.06 ಆಗಿಬಿಡುತ್ತದೆ. ಗ್ರೇಡಿನ ಗೆರೆ ದಾಟಿತು! ಯಾರೂ ಮೋಸ ಮಾಡಿಲ್ಲ, ಕೆಮಿಸ್ಟ್ ಕೈ ನಡುಗಿಲ್ಲ, ಬಿಸಿಲು ಬಿದ್ದಿದೆ ಅಷ್ಟೇ.

ತಂಪು ದೇಶಗಳಲ್ಲಿ ವರ್ಷವಿಡೀ ಒಂದೇ ಉಷ್ಣಾಂಶದ ಲ್ಯಾಬಿಗೆಂದು ಮಾಡಿದ ಯಂತ್ರಕ್ಕೆ ಇದು ದೊಡ್ಡ ತೊಂದರೆಯಲ್ಲ. ನಮ್ಮಲ್ಲಿ ಎಸಿ ಇದ್ದರೂ ಕರೆಂಟ್ ಹೋದ ಅರ್ಧ ಗಂಟೆಯಲ್ಲಿ ಕೋಣೆ ಕಾಯುತ್ತದೆ, ಪಕ್ಕದ ಕೋಣೆಯಲ್ಲಿ ಫರ್ನೇಸ್ ಬೇರೆ. ಹಾಗಾಗಿ ಬಾಟಲಿಯೊಳಗೆ ಗಾಜಿನ ತೋಳು ತೊಡಿಸಿದ ಒಂದು ಸಣ್ಣ ಉಷ್ಣಾಂಶ ಸೆನ್ಸರ್ ಇಡಿ. ದ್ರಾವಣದ ನಾರ್ಮಾಲಿಟಿ ಕಟ್ಟಿದಾಗ ಉಷ್ಣಾಂಶ ಎಷ್ಟಿತ್ತು ಎಂದು ಬರೆದಿಟ್ಟುಕೊಳ್ಳಿ, ಟೈಟ್ರೇಷನ್ ಹೊತ್ತಿನ ಉಷ್ಣಾಂಶಕ್ಕೆ ತಕ್ಕಂತೆ ತಿದ್ದಿ. ತಿದ್ದಿದ್ದನ್ನು ಮುಚ್ಚಿಡಬೇಡಿ. ಅಳೆದ ಮಿ.ಲೀ., ಬಾಟಲಿಯ ಉಷ್ಣಾಂಶ, ತಿದ್ದಿದ ಮಿ.ಲೀ. ಮೂರೂ ಚೀಟಿಯ ಮೇಲೆ ಬರಲಿ. ವ್ಯತ್ಯಾಸ ನಿಮ್ಮ ಮಿತಿಗಿಂತ ಹೆಚ್ಚಿದ್ದರೆ ತಿದ್ದುವ ಗೋಜಿಗೂ ಹೋಗಬೇಡಿ, ದ್ರಾವಣವನ್ನು ಮತ್ತೆ ಸ್ಟ್ಯಾಂಡರ್ಡೈಸ್ ಮಾಡಿ ಎಂದು ಕೇಳಿ. ಆ ಬಾಟಲಿಯನ್ನು ಕಿಟಕಿಯಿಂದ ಎತ್ತಿ ಒಳಗಿಡುವುದು ಎಲ್ಲಕ್ಕಿಂತ ಸುಲಭದ ಪರಿಹಾರ, ನಿಜ. ಆದರೆ ನೈಟ್ ಶಿಫ್ಟಿನವರು ಅದನ್ನು ಮತ್ತೆ ಅಲ್ಲಿಯೇ ಇಡುತ್ತಾರೆ ಎಂದುಕೊಂಡೇ ಪ್ರೋಗ್ರಾಂ ಬರೆಯಬೇಕು.

5. ವೋಲ್ಟೇಜ್ ಬದಲಾಗುತ್ತದೆ ಎಂದುಕೊಂಡೇ ಫರ್ನೇಸ್ ಹೊಂದಿಸಿ

ಅದಿರನ್ನು 1000 ಡಿಗ್ರಿಯಲ್ಲಿ ಸುಟ್ಟು ತೂಕ ಎಷ್ಟು ಇಳಿಯಿತು ಎಂದು ನೋಡುವ ಪರೀಕ್ಷೆಗೆ ಮಫಲ್ ಫರ್ನೇಸ್ ಬೇಕು. ಬೆಂಗಳೂರಿನ ವರ್ಕ್‌ಶಾಪಿನಲ್ಲಿ 230 ವೋಲ್ಟ್‌ನಲ್ಲಿ ಪಿಐಡಿ (ಉಷ್ಣಾಂಶವನ್ನು ಗುರಿಯಲ್ಲಿ ಹಿಡಿದಿಡುವ ನಿಯಂತ್ರಣದ ಲೆಕ್ಕ) ಹೊಂದಿಸಿ ಕಳಿಸಿದ ಫರ್ನೇಸ್, ಸಂಜೆ ಪಂಪ್‌ಸೆಟ್‌ಗಳೆಲ್ಲ ಓಡುವ ಹೊತ್ತಿಗೆ 190 ವೋಲ್ಟ್ ಕಾಣುತ್ತದೆ. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಉಳಿಯುವುದು ಮೂರರಲ್ಲಿ ಎರಡು ಪಾಲು ಮಾತ್ರ. ಪಿಐಡಿ ಪೂರ್ತಿ ಶಕ್ತಿ ಕೇಳುತ್ತಾ ಕೂರುತ್ತದೆ, ಹಿಂದಿನ ಕೊರತೆಗಳನ್ನು ಕೂಡಿಡುವ ಅದರ ಇಂಟಿಗ್ರಲ್ ಬೆಳೆಯುತ್ತಾ ಹೋಗುತ್ತದೆ. ವೋಲ್ಟೇಜ್ ವಾಪಸ್ ಬಂದೊಡನೆ ಉಷ್ಣಾಂಶ ಗುರಿ ದಾಟಿ ಮೇಲೆ ಹೋಗುತ್ತದೆ. ಔಟ್‌ಪುಟ್ ಮಿತಿ ಮುಟ್ಟಿದಾಗ ಇಂಟಿಗ್ರಲ್ ನಿಲ್ಲಿಸುವುದು ಮೊದಲ ಮದ್ದು. ಮೇನ್ಸ್ ವೋಲ್ಟೇಜನ್ನೂ ಅಳೆದು ಹೀಟರ್ ಆನ್ ಇರುವ ಹೊತ್ತನ್ನು ಅದಕ್ಕೆ ತಕ್ಕಂತೆ ಮೊದಲೇ ಹೆಚ್ಚುಕಡಿಮೆ ಮಾಡುವುದು ಎರಡನೆಯದು. ಎರಡನೆಯದಕ್ಕೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರಿನ ಖರ್ಚು ಅಷ್ಟೇ, ಕೈಬಿಡಬೇಡಿ.

6. ಸೆನ್ಸರ್ ಹೇಳಿದ್ದನ್ನೆಲ್ಲ ನಂಬುವ ಪ್ರೋಗ್ರಾಂ ಅಪಾಯಕಾರಿ

ಥರ್ಮೋಕಪಲ್ ತಂತಿ ಕಡಿದರೆ ಈಗಿನ ಚಿಪ್‌ಗಳು ಕಂಡುಹಿಡಿಯುತ್ತವೆ. ತಂತಿಗಳು ಫರ್ನೇಸಿನ ಹೊರಗೆ, ಟರ್ಮಿನಲ್ ಬಳಿಯೇ ಒಂದಕ್ಕೊಂದು ತಾಗಿಕೊಂಡರೆ? ಆಗ ಚಿಪ್ಪಿಗೆ ಎಲ್ಲವೂ ಸರಿ ಕಾಣುತ್ತದೆ, ಅಲ್ಲಿನ ಹೊರಗಿನ ಉಷ್ಣಾಂಶವನ್ನೇ ಅದು ಫರ್ನೇಸಿನದೆಂದು ಓದುತ್ತದೆ. ಪ್ರೋಗ್ರಾಂ "ಇನ್ನೂ ತಣ್ಣಗಿದೆ" ಎಂದುಕೊಂಡು ಹೀಟರಿಗೆ ಪೂರ್ತಿ ಶಕ್ತಿ ಕೊಡುತ್ತಲೇ ಇರುತ್ತದೆ. ಒಳಗೆ ಇಟ್ಟಿಗೆ ಕೆಂಪಗಾಗಿ, ಬೆಳ್ಳಗಾಗಿ, ಕಾಯಿಲ್ ಕರಗುತ್ತದೆ. ಆದ್ದರಿಂದ ಒಂದು ನಿಯಮ ಬರೆದಿಡಿ: ಪೂರ್ತಿ ಶಕ್ತಿ ಕೊಟ್ಟು ಇಷ್ಟು ನಿಮಿಷವಾದರೂ ಉಷ್ಣಾಂಶ ಇಷ್ಟು ಏರದಿದ್ದರೆ ಹೀಟರ್ ಆಫ್. ಕಾಯಿಸುವಾಗ ಉಷ್ಣಾಂಶ ಇಳಿದರೆ ತಂತಿ ಅದಲುಬದಲಾಗಿದೆ, ಆಗಲೂ ಆಫ್.

ಇಷ್ಟಾದರೂ ಸಾಫ್ಟ್‌ವೇರ್ ಒಂದನ್ನೇ ನೆಚ್ಚಬಾರದು. ಹೀಟರ್ ಓಡಿಸುವ ಸಾಲಿಡ್ ಸ್ಟೇಟ್ ರಿಲೇ ಕೆಟ್ಟರೆ ಸಾಮಾನ್ಯವಾಗಿ ಕೆಡುವುದು ಶಾರ್ಟ್ ಆಗಿಯೇ. ನೀವು ಆಫ್ ಅಂದರೂ ಅದು ಆನ್. ಅದರ ಹಿಂದೆ ಒಂದು ಕಾಂಟ್ಯಾಕ್ಟರ್ ಇರಲಿ, ಆ ಕಾಂಟ್ಯಾಕ್ಟರನ್ನು ತನ್ನದೇ ಥರ್ಮೋಕಪಲ್ ಇರುವ ಬೇರೆ ಪೆಟ್ಟಿಗೆ ನಡೆಸಲಿ. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ಕಥೆಯನ್ನು ಈ ಕಸುಬಿನವರೆಲ್ಲ ಓದಬೇಕು. ಹಿಂದಿನ ಮಾದರಿಯಲ್ಲಿದ್ದ ಹಾರ್ಡ್‌ವೇರ್ ತಡೆಗಳನ್ನು ತೆಗೆದು ಆ ಕೆಲಸವನ್ನು ಸಾಫ್ಟ್‌ವೇರಿಗೆ ವಹಿಸಿದರು. 1985ರಿಂದ 1987ರ ನಡುವೆ ಆರು ಜನ ರೋಗಿಗಳಿಗೆ ಮಿತಿಮೀರಿದ ವಿಕಿರಣ ತಗುಲಿತು, ಅವರಲ್ಲಿ ಕೆಲವರು ಸತ್ತೇಹೋದರು. ಐದಾರು ಸಾವಿರ ಉಳಿಸಲು ಕಾಂಟ್ಯಾಕ್ಟರ್ ಬೇಡವೆನ್ನುವ ಗ್ರಾಹಕರಿಗೆ ನಾನು ಯಂತ್ರ ಮಾಡಿಕೊಡುವುದಿಲ್ಲ.

7. ವಾಚ್‌ಡಾಗ್‌ಗೆ ಟೈಮರ್ ಇಂಟರಪ್ಟ್‌ನಿಂದ ಉತ್ತರ ಕೊಡಬೇಡಿ

ವಾಚ್‌ಡಾಗ್ ಎಂದರೆ ಹೊತ್ತಿಗೆ ಸರಿಯಾಗಿ ಉತ್ತರ ಬರದಿದ್ದರೆ ಚಿಪ್ಪನ್ನು ರೀಸೆಟ್ ಮಾಡುವ ಕಾವಲುಗಾರ. ಮುಖ್ಯ ಪ್ರೋಗ್ರಾಂ ಸತ್ತು ಬಿದ್ದಿದ್ದರೂ ಇಂಟರಪ್ಟ್ ಓಡುತ್ತಲೇ ಇರುತ್ತದೆ, ವಾಚ್‌ಡಾಗ್ ಎಲ್ಲ ಸರಿಯಿದೆ ಎಂದುಕೊಳ್ಳುತ್ತದೆ. ಪ್ರತಿಯೊಂದು ಟಾಸ್ಕ್ ತಾನು ಕೆಲಸ ಮುಗಿಸಿದೆನೆಂದು ಗುರುತು ಹಾಕಲಿ, ಎಲ್ಲ ಗುರುತೂ ಬಿದ್ದಾಗ ಮಾತ್ರ ವಾಚ್‌ಡಾಗ್‌ಗೆ ಉತ್ತರ ಹೋಗಲಿ. ರೀಸೆಟ್ ಆದ ಕ್ಷಣದಲ್ಲಿ ಮೈಕ್ರೋಕಂಟ್ರೋಲರಿನ ಪಿನ್‌ಗಳು ಯಾರ ಹಿಡಿತದಲ್ಲೂ ಇರುವುದಿಲ್ಲ. ಹೀಟರ್ ಪಿನ್ನಿಗೆ ಪುಲ್-ಡೌನ್ ರೆಸಿಸ್ಟರ್ ಹಾಕಿದ್ದೀರಾ, ನೋಡಿಕೊಳ್ಳಿ.

8. ಮೆಮೊರಿ ಕಾರ್ಡ್ ಮತ್ತು ಸೆನ್ಸರ್ ಒಂದೇ ಬಸ್ಸಿನಲ್ಲಿ ಬೇಡ

ಎಸ್‌ಡಿ ಕಾರ್ಡ್ ಬರೆಯುವಾಗ ಒಮ್ಮೊಮ್ಮೆ ಕಾಲು ಸೆಕೆಂಡ್ ತನಕ ಬಾಗಿಲು ಹಾಕಿಕೊಂಡು ಕೂರುತ್ತದೆ. ಥರ್ಮೋಕಪಲ್ ಚಿಪ್ ಕೂಡ ಅದೇ ಎಸ್‌ಪಿಐ ಬಸ್ ಮೇಲಿದ್ದರೆ, ತೀರಾ ಕೆಳದರ್ಜೆಯ ದಾಖಲೆ ಕೆಲಸ ಹಿಡಿದುಕೊಂಡ ಬೀಗಕ್ಕಾಗಿ ಮೇಲ್ದರ್ಜೆಯ ಸುರಕ್ಷತಾ ಕೆಲಸ ಕಾಯಬೇಕಾಗುತ್ತದೆ. ನಡುವಿನ ದರ್ಜೆಯ ಇನ್ನೊಂದು ಕೆಲಸ ಬಂದು ಕೆಳಗಿನವನನ್ನು ತಡೆದರೆ ಕಾಯುವಿಕೆಗೆ ಕೊನೆಯೇ ಇಲ್ಲ. 1997ರಲ್ಲಿ ಮಂಗಳ ಗ್ರಹದ ಮೇಲಿಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆಗುತ್ತಿದ್ದದ್ದು ಇದೇ ಕಾರಣಕ್ಕೆ. ಭೂಮಿಯಿಂದಲೇ ಪ್ರಯಾರಿಟಿ ಇನ್‌ಹೆರಿಟೆನ್ಸ್ (ಬೀಗ ಹಿಡಿದ ಕೆಳಗಿನ ಕೆಲಸಕ್ಕೆ, ಕಾಯುತ್ತಿರುವ ಮೇಲಿನ ಕೆಲಸದ ದರ್ಜೆಯನ್ನೇ ಅಷ್ಟು ಹೊತ್ತು ಕೊಡುವ ಸೌಲಭ್ಯ) ಆನ್ ಮಾಡಿ ಸರಿಪಡಿಸಿದರು. ಮ್ಯೂಟೆಕ್ಸ್ ಬಳಸುವಾಗ ಆ ಸೌಲಭ್ಯ ಇರುವುದನ್ನೇ ಬಳಸಿ. ಸಾಧ್ಯವಿದ್ದರೆ ಬಸ್ಸನ್ನೇ ಬೇರೆ ಮಾಡಿ, ಜಗಳವೇ ಇರುವುದಿಲ್ಲ.

9. ಐವತ್ತನೇ ದಿನದ ಪರೀಕ್ಷೆ ಮಾಡಿ

32 ಬಿಟ್ ಮಿಲಿಸೆಕೆಂಡ್ ಗಡಿಯಾರ 49.7 ದಿನಕ್ಕೆ ಸೊನ್ನೆಗೆ ಮರಳುತ್ತದೆ. ಗಣಿ ಲ್ಯಾಬಿನಲ್ಲಿ ಓವನ್‌ಗಳನ್ನು ತಿಂಗಳುಗಟ್ಟಲೆ ಯಾರೂ ಆಫ್ ಮಾಡುವುದಿಲ್ಲ. ಗಡಿಯಾರವನ್ನು ಮಿತಿಯ ಹತ್ತಿರದ ಅಂಕಿಯಿಂದಲೇ ಶುರು ಮಾಡಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

10. ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿ ತೀರ್ಮಾನ ಮಾಡಬಾರದು

ಪವರ್ ಸಪ್ಲೈ ಕುಸಿಯುವುದನ್ನು ಮೊದಲೇ ಹಿಡಿದರೆ ಕೆಪಾಸಿಟರಿನಲ್ಲಿ ಕೆಲವು ಹತ್ತು ಮಿಲಿಸೆಕೆಂಡ್ ಜೀವ ಉಳಿದಿರುತ್ತದೆ. ಎಷ್ಟು ಮಿ.ಲೀ. ಹೋಗಿತ್ತು, ಯಾವ ಹಂತ, ಎಷ್ಟು ಹೊತ್ತು ಎಂದು ಬರೆದಿಡಲು ಅಷ್ಟು ಸಾಕು. ಇದಕ್ಕೆ ಈಈಪ್ರಾಂಗಿಂತ ಎಫ್-ರ‍್ಯಾಂ ಒಳ್ಳೆಯದು: ಬೇಗ ಬರೆಯುತ್ತದೆ, ಸವೆಯುವುದಿಲ್ಲ ಎನ್ನುವಷ್ಟು ಬಾಳುತ್ತದೆ. ಎರಡು ಪ್ರತಿ ಇಡಿ, ಬರೆದದ್ದು ಕೆಟ್ಟಿದ್ದರೆ ಗೊತ್ತಾಗಲು ಎರಡಕ್ಕೂ ಸಿಆರ್‌ಸಿ ಹಾಕಿ.

ಕರೆಂಟ್ ಮರಳಿದಾಗ ನಿಂತಿದ್ದ ಟೈಟ್ರೇಷನ್ ಮುಂದುವರಿಸಬಾರದು. ಗಾಳಿಗೆ ತೆರೆದಿದ್ದ ಫೆರಸ್ ದ್ರಾವಣ ಅಷ್ಟರಲ್ಲಿ ಮತ್ತೆ ಆಕ್ಸಿಡೈಸ್ ಆಗಿರಬಹುದು. ಆ ಸ್ಯಾಂಪಲ್ ರದ್ದು, ಬೇರೆ ಮಾತಿಲ್ಲ. ಫರ್ನೇಸಿನದು ಬೇರೆ ವಿಷಯ. ಉಷ್ಣಾಂಶ ಎಲ್ಲಿಯವರೆಗೆ ಇಳಿಯಿತು, ಎಷ್ಟು ಹೊತ್ತು ಇಳಿದಿತ್ತು ಎಂಬುದನ್ನು ತೋರಿಸಿ "ಮುಂದುವರಿಸಲೇ?" ಎಂದು ಕೆಮಿಸ್ಟ್‌ರನ್ನು ಕೇಳಲಿ. ಅವರು ಹೂಂ ಅಂದರೂ ಚೀಟಿಯ ಮೇಲೆ "ನಡುವೆ ಕರೆಂಟ್ ಹೋಗಿತ್ತು" ಎಂಬ ಸಾಲು ಅಳಿಯದಂತೆ ಉಳಿಯಲಿ.

11. ಕೆಂಪು ಧೂಳು, ಆಮ್ಲದ ಹೊಗೆ

ಪೆಟ್ಟಿಗೆಗೆ ಫ್ಯಾನ್ ಹಾಕಬೇಡಿ, ಅದು ಧೂಳು ಎಳೆದುಕೊಳ್ಳುವ ಯಂತ್ರವೇ ಆಗಿಬಿಡುತ್ತದೆ. ಫ್ಯೂಮ್ ಹುಡ್ ಪಕ್ಕದ ರಿಲೇ, ಕನೆಕ್ಟರ್‌ಗಳ ತಾಮ್ರ ಹೈಡ್ರೋಕ್ಲೋರಿಕ್ ಹೊಗೆಗೆ ಹಸಿರಾಗುತ್ತದೆ. ಎಲೆಕ್ಟ್ರಾನಿಕ್ಸ್ ಗೋಡೆಯ ಆಚೆಗಿರಲಿ.

12. ಪರದೆಯ ಮೇಲೆ ಕನ್ನಡ ಇರಲಿ

ರಾತ್ರಿ ಫರ್ನೇಸ್ ಬಳಿ ಇರುವ ಸಹಾಯಕನಿಗೆ "ಎರರ್ 07" ಎಂದರೆ ಏನು ಅರ್ಥವಾಗಬೇಕು? "ಫರ್ನೇಸ್ ಸೆನ್ಸರ್ ತಂತಿ ಸಡಿಲ. ಹೀಟರ್ ಆಫ್ ಆಗಿದೆ. ಬಾಗಿಲು ತೆಗೆಯಬೇಡಿ." ಹೀಗೆ ಬರೆದರೆ ಆತ ಸರಿಯಾದದ್ದನ್ನೇ ಮಾಡುತ್ತಾನೆ. ಸಣ್ಣ ಚಿಪ್ಪಿನಲ್ಲಿ ಒತ್ತಕ್ಷರ ಜೋಡಿಸುವ ಕೋಡ್ ಬರೆಯಲು ಹೋಗಬೇಕಿಲ್ಲ. ಇಂಥ ಸಂದೇಶಗಳು ಒಂದು ಯಂತ್ರಕ್ಕೆ ಕೆಲವೇ. ಕಂಪ್ಯೂಟರಿನಲ್ಲಿ ಪೂರ್ತಿ ವಾಕ್ಯವನ್ನೇ ಚಿತ್ರ ಮಾಡಿ ಫ್ಲ್ಯಾಷ್ ಮೆಮೊರಿಗೆ ತುಂಬಿ. 128×64ರ ಪರದೆಗೆ ಒಂದು ಚಿತ್ರ 1,024 ಬೈಟ್, ಮೂವತ್ತು ಸಂದೇಶಕ್ಕೆ 30 ಕಿಲೋಬೈಟ್. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಒಂದು ಪರದೆಗೆ ಎರಡೇ ಸಾಲು ಬರೆಯಿರಿ. ಉದ್ದವಾದರೆ ಇನ್ನೊಂದು ಪರದೆಗೆ ಹೋಗಲಿ.

13. ಒಪ್ಪಿಸುವ ಮುನ್ನ ಕೆಮಿಸ್ಟ್ ಎದುರಿಗೇ ಕೆಡಿಸಿ ತೋರಿಸಿ

ಮೇಜಿನ ಮೇಲೆ ಪರೀಕ್ಷಿಸಲು ನಿಜವಾದ ಫರ್ನೇಸ್ ಬೇಕಿಲ್ಲ. ಫರ್ನೇಸಿನಂತೆ ನಿಧಾನಕ್ಕೆ ಕಾಯುವ, ಆರುವ ಲೆಕ್ಕವನ್ನು ಇನ್ನೊಂದು ಬೋರ್ಡಿನಲ್ಲಿ ಓಡಿಸಿ ಥರ್ಮೋಕಪಲ್ ವೋಲ್ಟೇಜ್ ಕೊಟ್ಟರಾಯಿತು. ನೂರಾರು ಕಾಯಿಸುವಿಕೆಗಳನ್ನು ರಾತ್ರೋರಾತ್ರಿ ಮುಗಿಸಬಹುದು. ಆದರೆ ಕೊನೆಯ ಪರೀಕ್ಷೆ ಲ್ಯಾಬಿನಲ್ಲೇ ಆಗಬೇಕು, ಅಲ್ಲಿನ ಕರೆಂಟಿನಲ್ಲಿ, ಅಲ್ಲಿನ ಸೆಕೆಯಲ್ಲಿ. ಥರ್ಮೋಕಪಲ್ ತಂತಿ ಕೀಳಿ, ಶಾರ್ಟ್ ಮಾಡಿ, ಅದಲುಬದಲು ಮಾಡಿ. ಸಿರಿಂಜ್ ಓಡುವಾಗ ಕೈಯಿಂದ ತಡೆದು ಹಿಡಿಯಿರಿ. ಟೈಟ್ರೇಷನ್ ನಡುವೆ ಮೇನ್ಸ್ ಆಫ್ ಮಾಡಿ. ಡೈಕ್ರೋಮೇಟ್ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಗೊತ್ತಿರುವ ಸ್ಟ್ಯಾಂಡರ್ಡ್ ಅದಿರು ಹಾಕಿ ನೋಡಿ. ಒಂದೊಂದಕ್ಕೂ ಯಂತ್ರ ಏನು ಮಾಡಿತು, ಚೀಟಿಯ ಮೇಲೆ ಏನು ಬಂತು ಎಂದು ಅವರ ಕೈಯಲ್ಲೇ ಬರೆಸಿ ಸಹಿ ಹಾಕಿಸಿ. ಆ ಹಾಳೆಯ ಒಂದು ಪ್ರತಿಯನ್ನು, ವೈರಿಂಗ್ ಚಿತ್ರದ ಜೊತೆ, ಲ್ಯಾಮಿನೇಟ್ ಮಾಡಿ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿ. ಪ್ರೋಗ್ರಾಂ ಬದಲಾಯಿಸಿದ ದಿನ, ಅದು ಒಂದೇ ಸಾಲಿನ ಬದಲಾವಣೆಯಾದರೂ, ಇಡೀ ಪಟ್ಟಿಯನ್ನು ಮೊದಲಿನಿಂದ ಮತ್ತೆ ಮಾಡಿಸಿ.